ಮೀನಿನ ತೊಟ್ಟಿಗೆ ಸೀಸೆಯ ಬ್ಯಾಕ್ಟೀರಿಯಾ: ಎಷ್ಟರ ಮಟ್ಟಿಗೆ ಉಪಯುಕ್ತ?

ವ್ಯವಸಾಯದ ಜೊತೆಗೆ ಕೈಗೊಳ್ಳಬಹುದಾದ ಉಪಕಸುಬುಗಳಲ್ಲಿ ಅಲಂಕಾರ ಮೀನು ಸಾಕಣೆಯೂ ಒಂದು. ಕಡಿಮೆ ಸ್ಥಳ, ಕಡಿಮೆ ನೀರು ಮತ್ತು ಮನೆಮಂದಿಯ ದುಡಿಮೆಯಿಂದಲೇ ನಡೆಯುವ ಈ ಕಸುಬನ್ನು ಒಂದೆರಡು ಗಾಜಿನ ತೊಟ್ಟಿಗಳಿಂದ ಪ್ರಾರಂಭಿಸಬಹುದು. ಆದರೆ ಹೊಸ ತೊಟ್ಟಿಗೆ ಬಿಟ್ಟ ಮೀನುಗಳು ಮೊದಲ ಎರಡು ಮೂರು ವಾರಗಳಲ್ಲಿಯೇ ಒಂದೊಂದಾಗಿ ಸಾಯುವುದು ಸಾಮಾನ್ಯವಾಗಿ ಕಂಡುಬರುವ ತೊಂದರೆ. ನೀರು ನೋಡಲು ತಿಳಿಯಾಗಿಯೇ ಇರುತ್ತದೆ. ಮೀನಿನ ಮೈಮೇಲೆ ರೋಗದ ಚಿಹ್ನೆಯೂ ಇರುವುದಿಲ್ಲ. ಹೀಗೆ ಮೊದಲ ತಂಡದ ಮೀನು ಕಳೆದುಕೊಂಡವರು ಹಾಕಿದ ಹಣ ಹೋಯಿತೆಂದು ಕಸುಬನ್ನೇ ಕೈಬಿಡುವುದುಂಟು.

ಇದಕ್ಕೆ ಪರಿಹಾರವೆಂದು ಅಂಗಡಿಗಳಲ್ಲಿ ಬ್ಯಾಕ್ಟೀರಿಯಾ ತುಂಬಿದ ಸೀಸೆಗಳು ಮಾರಾಟವಾಗುತ್ತಿವೆ. ಒಂದು ಮುಚ್ಚಳ ದ್ರಾವಣ ಸುರಿದರೆ ಅದೇ ದಿನ ಮೀನು ಬಿಡಬಹುದೆಂದು ಕೆಲವು ಸೀಸೆಗಳ ಚೀಟಿ ಹೇಳುತ್ತದೆ. ಈ ಮಾತು ಎಷ್ಟು ನಿಜ? ಇದನ್ನು ತೀರ್ಮಾನಿಸಲು ಬೇಕಾದ ತಿಳಿವಳಿಕೆ, ದ್ವಿದಳ ಧಾನ್ಯದ ಬೀಜಕ್ಕೆ ರೈಜೋಬಿಯಂ ಲೇಪಿಸಿ ಬಿತ್ತುವ ರೈತರಿಗೆ ಹೊಸತೇನಲ್ಲ.

ಹೊಸ ತೊಟ್ಟಿಯಲ್ಲಿ ಮೀನು ಸಾಯುವುದೇಕೆ?

ಮೀನು ತಿಂದ ಆಹಾರದಲ್ಲಿನ ಸಸಾರಜನಕದ ಬಹುಭಾಗವು ಅಮೋನಿಯ ರೂಪದಲ್ಲಿ ಕಿವಿರುಗಳ ಮೂಲಕ ನೀರಿಗೆ ಸೇರುತ್ತದೆ. ತಿನ್ನದೆ ಉಳಿದ ಆಹಾರ ಮತ್ತು ಹಿಕ್ಕೆ ಕೊಳೆತಾಗಲೂ ಅಮೋನಿಯವೇ ಉತ್ಪತ್ತಿಯಾಗುತ್ತದೆ. ಶೇಕಡಾ 30 ರಿಂದ 35 ರಷ್ಟು ಸಸಾರಜನಕವಿರುವ 1 ಗ್ರಾಂ ಆಹಾರದಿಂದ ಸುಮಾರು 30 ಮಿ.ಗ್ರಾಂ. ಅಮೋನಿಯ-ಸಾರಜನಕ ನೀರಿಗೆ ಬರುತ್ತದೆ. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ತೊಟ್ಟಿಯಲ್ಲಿ ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ಅದಕ್ಕೆ ದಿನಕ್ಕೆ 1 ಗ್ರಾಂ ಆಹಾರ ಹಾಕಿದರೆ ಪ್ರತಿ ಲೀಟರಿಗೆ ದಿನವೂ 0.6 ಮಿ.ಗ್ರಾಂ. ಅಮೋನಿಯ-ಸಾರಜನಕ ಕೂಡಿಕೊಳ್ಳುತ್ತದೆ. ತಡೆಯುವವರಿಲ್ಲದಿದ್ದರೆ ಒಂದು ವಾರದಲ್ಲಿ ಇದು 4 ಮಿ.ಗ್ರಾಂ. ಮೀರುತ್ತದೆ.

ಹಳೆಯ ತೊಟ್ಟಿಯಲ್ಲಿ ಇದನ್ನು ತಡೆಯುವವು ನೈಟ್ರೀಕರಣ ಜೀವಿಗಳು. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಅಮೋನಿಯ ಕಿವಿರುಗಳನ್ನು ಸುಟ್ಟಂತೆ ಹಾಳುಮಾಡುತ್ತದೆ. ನೈಟ್ರೈಟ್ ರಕ್ತಕ್ಕೆ ಸೇರಿ ಅದನ್ನು ಕಂದುಬಣ್ಣಕ್ಕೆ ತಿರುಗಿಸಿ, ಆಮ್ಲಜನಕ ಒಯ್ಯುವ ಶಕ್ತಿಯನ್ನು ಕುಂದಿಸುತ್ತದೆ. ನೈಟ್ರೇಟ್ ಇವೆರಡಕ್ಕಿಂತ ಬಹಳ ಕಡಿಮೆ ಅಪಾಯಕಾರಿ. ಆಗಾಗ ನೀರು ಬದಲಿಸುವುದರಿಂದ ಮತ್ತು ನೀರುಗಿಡಗಳಿಂದ ಅದನ್ನು ಹತೋಟಿಯಲ್ಲಿಡಬಹುದು.

ಹೊಸ ತೊಟ್ಟಿಯಲ್ಲಿ ಈ ಜೀವಿಗಳು ಇರುವುದಿಲ್ಲ ಅಥವಾ ಲೆಕ್ಕಕ್ಕೆ ಸಿಗದಷ್ಟು ಕಡಿಮೆ ಇರುತ್ತವೆ. ಅವು ತಾವಾಗಿಯೇ ಬಂದು ನೆಲೆಗೊಳ್ಳಲು ಸಾಮಾನ್ಯವಾಗಿ 4 ರಿಂದ 6 ವಾರ ಹಿಡಿಯುತ್ತದೆ. ಮೊದಲು ಅಮೋನಿಯ ಏರಿ ಇಳಿಯುತ್ತದೆ. ಅದು ಇಳಿಯುವಾಗ ನೈಟ್ರೈಟ್ ಏರುತ್ತದೆ. ಮೀನು ಸಾಯುವುದು ಈ ಎರಡು ಏರಿಕೆಗಳ ನಡುವೆಯೇ.

ಹೊಲದಲ್ಲಿಯೂ ಇದೇ ಕ್ರಿಯೆ

ಅಮೋನಿಯಂ ಸಲ್ಫೇಟ್ ಅಥವಾ ಯೂರಿಯಾ ಹಾಕಿದ ಖುಷ್ಕಿ ಹೊಲದಲ್ಲಿ ಕೆಲವು ವಾರಗಳೊಳಗೆ ಸಾರಜನಕವು ನೈಟ್ರೇಟ್ ರೂಪಕ್ಕೆ ಬರುವುದೂ ಇಂಥ ಜೀವಿಗಳಿಂದಲೇ. ಇದು ಜೀವಿಗಳ ಕೆಲಸವೆಂದು ತೋರಿಸಿದವರು ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಜ್ ಎಂಬ ವಿಜ್ಞಾನಿಗಳು. 1877ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಮರಳು ಮತ್ತು ಸುಣ್ಣದಕಲ್ಲಿನ ಪುಡಿ ತುಂಬಿದ ಕೊಳವೆಯ ಮೂಲಕ ಚರಂಡಿ ನೀರನ್ನು ನಿಧಾನವಾಗಿ ಹಾಯಿಸಲಾಯಿತು. ಸುಮಾರು 20 ದಿನಗಳವರೆಗೆ ಅಮೋನಿಯ ಹಾಗೆಯೇ ಹೊರಬಂದಿತು. ಅನಂತರ ನೈಟ್ರೇಟ್ ಕಾಣಿಸಿಕೊಂಡು ಅಮೋನಿಯ ಮಾಯವಾಯಿತು. ಕ್ಲೋರೋಫಾರಂ ಆವಿ ಹಾಯಿಸಿದಾಗ ಕ್ರಿಯೆ ನಿಂತಿತು. ಕ್ಲೋರೋಫಾರಂ ಹೋದ ಮೇಲೆ ಸ್ವಲ್ಪ ಮಣ್ಣನ್ನು ಕದಡಿದ ನೀರು ಸೇರಿಸಿದಾಗ ಮತ್ತೆ ಪ್ರಾರಂಭವಾಯಿತು.

ಆ 20 ದಿನಗಳ ತಡವೇ ಇಂದಿನ ಹೊಸ ಮೀನಿನ ತೊಟ್ಟಿಯ ತಡ. ಆ ಮಣ್ಣು ಕದಡಿದ ನೀರೇ ಇಂದಿನ ಸೀಸೆಯ ಮೂಲರೂಪ. ಆದುದರಿಂದ ಹೊರಗಿನಿಂದ ಜೀವಿಗಳನ್ನು ಬಿತ್ತಿ ನೈಟ್ರೀಕರಣವನ್ನು ಬೇಗ ಪ್ರಾರಂಭಿಸಬಹುದು ಎಂಬ ತತ್ವದಲ್ಲಿ ತಪ್ಪಿಲ್ಲ. ಪ್ರಶ್ನೆ ಇರುವುದು ತತ್ವದ ಬಗ್ಗೆ ಅಲ್ಲ, ಸೀಸೆಯ ಬಗ್ಗೆ.

ಸೀಸೆಯಲ್ಲಿರುವುದು ಯಾವ ಜೀವಿ?

ಬೀಜೋಪಚಾರದಲ್ಲಿ ಶೇಂಗಾಕ್ಕೆ ಶೇಂಗಾದ ರೈಜೋಬಿಯಂ, ಸೋಯಾ ಅವರೆಗೆ ಅದರದೇ ರೈಜೋಬಿಯಂ ಬೇಕು. ಹಾಗೆಯೇ ತೊಟ್ಟಿಗೂ ಸರಿಯಾದ ಜೀವಿಯೇ ಬೇಕು. ಮಾರುಕಟ್ಟೆಯ ಸೀಸೆಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಬ್ಯಾಸಿಲಸ್ ಮುಂತಾದ ಕೊಳೆಯಿಸುವ ಬ್ಯಾಕ್ಟೀರಿಯಾಗಳಿರುವ ಸೀಸೆ ಅಥವಾ ಪುಡಿ. ಬ್ಯಾಸಿಲಸ್ ಗಟ್ಟಿ ಕವಚದ ಬೀಜಾಣುಗಳನ್ನು ರೂಪಿಸಿಕೊಂಡು ಒಣಗಿದ ಸ್ಥಿತಿಯಲ್ಲಿಯೂ ವರ್ಷಗಟ್ಟಲೆ ಬದುಕಿರಬಲ್ಲದು. ಮಾರಾಟಕ್ಕೆ ಇದು ಅನುಕೂಲ. ಆದರೆ ಇದರ ಕೆಲಸ ಉಳಿದ ಆಹಾರ ಮತ್ತು ಹಿಕ್ಕೆಯನ್ನು ಕರಗಿಸುವುದು. ಕೆಸರು ಕಡಿಮೆಯಾಗಬಹುದು, ನೀರು ತಿಳಿಯಾಗಬಹುದು. ಆದರೆ ಸಸಾರಜನಕ ಕೊಳೆತಾಗ ಅಮೋನಿಯ ಹೊರಬರುತ್ತದೆಯೇ ಹೊರತು ನೈಟ್ರೇಟ್ ಆಗುವುದಿಲ್ಲ. ನೈಟ್ರೀಕರಣ ಜೀವಿಗಳ ಸ್ಥಾನವನ್ನು ಇವು ತುಂಬಲಾರವು.

ಎರಡನೆಯದು ನಿಜವಾದ ನೈಟ್ರೀಕರಣ ಜೀವಿಗಳಿರುವ ಸೀಸೆ. ಇವು ಬೀಜಾಣುಗಳನ್ನು ರೂಪಿಸುವುದಿಲ್ಲ. ಒಣಗಿಸಿ ಪುಡಿಮಾಡಿದರೆ, ಹೆಪ್ಪುಗಟ್ಟಿದರೆ ಅಥವಾ ಬಿಸಿಲಿನಲ್ಲಿ ಕಾದ ವಾಹನದೊಳಗೆ ಬಹಳ ಹೊತ್ತು ಉಳಿದರೆ ಹೆಚ್ಚಿನವು ಸಾಯುತ್ತವೆ. ತಂಪಿನಲ್ಲಿಟ್ಟ ದ್ರವರೂಪದಲ್ಲಿ ಮಾತ್ರ ಕೆಲವು ತಿಂಗಳು ಬದುಕಿರಬಲ್ಲವು.

ಈ ಎರಡನೆಯ ಬಗೆಯಲ್ಲಿಯೂ ಒಂದು ತೊಡಕಿದೆ. ರಷ್ಯಾ ಮೂಲದ ವಿನೋಗ್ರಾಡ್‌ಸ್ಕಿ 1890ರ ಸುಮಾರಿಗೆ ಈ ಜೀವಿಗಳನ್ನು ಬೇರ್ಪಡಿಸಿದ ಮೇಲೆ, ಅಮೋನಿಯಕ್ಕೆ ನೈಟ್ರೋಸೊಮೊನಾಸ್, ನೈಟ್ರೈಟಿಗೆ ನೈಟ್ರೋಬ್ಯಾಕ್ಟರ್ ಎಂಬುದು ಪಠ್ಯಪುಸ್ತಕಗಳ ಪಾಠವಾಯಿತು. ಬಹುಕಾಲ ಸೀಸೆಗಳೂ ಈ ಹೆಸರುಗಳನ್ನೇ ಹೊತ್ತು ಬಂದವು. ಆದರೆ 1996ರಲ್ಲಿ ಅಮೆರಿಕದ ಹೊವಾನೆಕ್ ಮತ್ತು ಡಿಲಾಂಗ್ ತೊಟ್ಟಿಗಳ ಫಿಲ್ಟರುಗಳನ್ನು ವಂಶವಾಹಿ ಪರೀಕ್ಷೆಗೆ ಒಳಪಡಿಸಿದಾಗ ನೈಟ್ರೋಬ್ಯಾಕ್ಟರ್ ಗಣನೀಯ ಪ್ರಮಾಣದಲ್ಲಿ ಸಿಗಲಿಲ್ಲ. ಸಿಹಿನೀರಿನ ತೊಟ್ಟಿಯಲ್ಲಿ ನೈಟ್ರೈಟನ್ನು ಮಾರ್ಪಡಿಸುವುದು ನೈಟ್ರೋಸ್ಪೈರಾ ಗುಂಪಿನ ಜೀವಿಗಳೆಂದು 1998ರಲ್ಲಿ ತಿಳಿದುಬಂದಿತು. 2011ರಲ್ಲಿ ಕೆನಡಾದ ವಿಜ್ಞಾನಿಗಳು ಅನೇಕ ಸಿಹಿನೀರಿನ ತೊಟ್ಟಿಗಳ ಫಿಲ್ಟರುಗಳಲ್ಲಿ ಅಮೋನಿಯವನ್ನು ಮಾರ್ಪಡಿಸುವ ಜೀವಿಗಳ ಪೈಕಿ ಬ್ಯಾಕ್ಟೀರಿಯಾಗಳಿಗಿಂತ ಆರ್ಕಿಯಾ ಎಂಬ ಬೇರೆಯೇ ವರ್ಗದ ಸೂಕ್ಷ್ಮಜೀವಿಗಳು ಹೆಚ್ಚಾಗಿರುವುದನ್ನು ಕಂಡರು. 2015ರಲ್ಲಿ ಎರಡೂ ಹಂತಗಳನ್ನು ಒಂದೇ ಜೀವಕೋಶದಲ್ಲಿ ಪೂರೈಸುವ ನೈಟ್ರೋಸ್ಪೈರಾ ಕೂಡ ಪತ್ತೆಯಾಯಿತು.

ಇದರ ಅರ್ಥವಿಷ್ಟೆ: ಸೀಸೆಯ ಮೇಲೆ ‘ನೈಟ್ರೀಕರಣ ಬ್ಯಾಕ್ಟೀರಿಯಾ’ ಎಂದು ಬರೆದಿದ್ದರೆ ಸಾಲದು. ನೈಟ್ರೋಬ್ಯಾಕ್ಟರ್ ಹೆಸರಿರುವ ಸೀಸೆಗಿಂತ ನೈಟ್ರೋಸ್ಪೈರಾ ಹೆಸರಿರುವ, ತಯಾರಿಕೆಯ ಮತ್ತು ಅವಧಿ ಮುಗಿಯುವ ದಿನಾಂಕವಿರುವ, ತಂಪಿನಲ್ಲಿಟ್ಟು ಮಾರುವ ಸೀಸೆಯಿಂದ ಫಲ ಸಿಗುವ ಸಂಭವ ಹೆಚ್ಚು.

ರೈಜೋಬಿಯಂ ಪೊಟ್ಟಣ ಕೊಳ್ಳುವ ರೈತನಿಗೆ ಒಂದು ರಕ್ಷಣೆ ಇದೆ. 1985ರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ 2006ರಲ್ಲಿ ಜೈವಿಕ ಗೊಬ್ಬರಗಳನ್ನು ಸೇರಿಸಿ, ಪುಡಿಯ ಪ್ರತಿ ಗ್ರಾಮಿನಲ್ಲಿ ಕನಿಷ್ಠ 5 ಕೋಟಿ, ದ್ರವದ ಪ್ರತಿ ಮಿ.ಲೀ.ನಲ್ಲಿ ಕನಿಷ್ಠ 10 ಕೋಟಿ ಜೀವಂತ ರೈಜೋಬಿಯಂ ಇರಬೇಕೆಂದು ನಿಗದಿಪಡಿಸಲಾಯಿತು. ಮೀನಿನ ತೊಟ್ಟಿಯ ಸೀಸೆಗಳು ಈ ಆದೇಶದ ವ್ಯಾಪ್ತಿಗೆ ಬರುವುದಿಲ್ಲ. ಆದುದರಿಂದ ಪರೀಕ್ಷಿಸಿ ನೋಡುವ ಹೊಣೆ ಕೊಳ್ಳುವವನ ಮೇಲೆಯೇ ಬೀಳುತ್ತದೆ.

ಎಷ್ಟು ದಿನ ಉಳಿತಾಯ?

ಕೊಳೆಯಿಸುವ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಅನುಕೂಲ ಪರಿಸ್ಥಿತಿಯಲ್ಲಿ ಅರ್ಧ ಗಂಟೆಯೊಳಗೆ ಇಮ್ಮಡಿಯಾಗುತ್ತವೆ. ನೈಟ್ರೀಕರಣ ಜೀವಿಗಳು ಇಮ್ಮಡಿಯಾಗಲು ಅತ್ಯುತ್ತಮ ಪರಿಸ್ಥಿತಿಯಲ್ಲಿಯೂ 8 ಗಂಟೆಗೂ ಹೆಚ್ಚು ಸಮಯ ಬೇಕು. ತೊಟ್ಟಿಯಲ್ಲಿ ಒಂದು ದಿನ ಅಥವಾ ಅದಕ್ಕೂ ಹೆಚ್ಚು ಹಿಡಿಯಬಹುದು.

ದಿನಕ್ಕೊಮ್ಮೆ ಇಮ್ಮಡಿಯಾಗುತ್ತವೆ ಎಂದು ಇಟ್ಟುಕೊಂಡರೆ, ಒಂದು ಜೀವಿ ಸಾವಿರವಾಗಲು 10 ದಿನ, ಹತ್ತು ಲಕ್ಷವಾಗಲು 20 ದಿನ ಬೇಕು. ಅಂದರೆ ತೊಟ್ಟಿಯಲ್ಲಿ ಮೊದಲೇ ಇರುವುದಕ್ಕಿಂತ ಸಾವಿರ ಪಟ್ಟು ಜೀವಂತ ಜೀವಿಗಳನ್ನು ಸೀಸೆ ಒದಗಿಸಿದರೆ ಸುಮಾರು 10 ದಿನ ಉಳಿಯುತ್ತದೆ. ಸೀಸೆಯಲ್ಲಿ ಅರ್ಧದಷ್ಟು ಸತ್ತಿದ್ದರೆ ನಷ್ಟವಾಗುವುದು ಒಂದೇ ದಿನ. ಸಾವಿರಕ್ಕೆ ಒಂದು ಮಾತ್ರ ಉಳಿದಿದ್ದರೆ ಆ 10 ದಿನಗಳ ಲಾಭವೂ ಇಲ್ಲ. ಜೀವಿಯೇ ಬೇರೆಯಾದರೆ ಸೀಸೆಗಟ್ಟಲೆ ಸುರಿದರೂ ಒಂದು ದಿನವೂ ಉಳಿಯದು.

ಒಂದೇ ದಿನದಲ್ಲಿ ತೊಟ್ಟಿ ಸಿದ್ಧವಾಗಬೇಕಾದರೆ, ಆ ದಿನ ಉತ್ಪತ್ತಿಯಾಗುವ ಅಮೋನಿಯವನ್ನೆಲ್ಲ ಮಾರ್ಪಡಿಸುವಷ್ಟು ಜೀವಿಗಳು ಸೀಸೆಯಲ್ಲಿಯೇ ಇರಬೇಕು. ಒಳ್ಳೆಯ ಸೀಸೆಯಿಂದಲೂ ಇಷ್ಟನ್ನು ನಿರೀಕ್ಷಿಸದಿರುವುದು ಲೇಸು. ಆರು ವಾರವನ್ನು ಎರಡು ಮೂರು ವಾರಕ್ಕೆ ಇಳಿಸಿದರೆ ಅದು ಕೊಟ್ಟ ಹಣಕ್ಕೆ ತಕ್ಕ ಕೆಲಸ ಮಾಡಿತೆಂದೇ ತಿಳಿಯಬೇಕು.

ಕಾಗೆ ಮತ್ತು ಕೊಂಬೆ

ಸೀಸೆ ಹಾಕಿದೆವು, ಮೀನು ಬದುಕಿದವು, ಆದ್ದರಿಂದ ಸೀಸೆ ಕೆಲಸ ಮಾಡಿತು ಎಂಬ ವಾದವನ್ನು ಹಾಗೆಯೇ ಒಪ್ಪುವಂತಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬಂತೆ, ಏನೂ ಹಾಕದಿದ್ದರೂ ತೊಟ್ಟಿ ಕೆಲವು ವಾರಗಳಲ್ಲಿ ತಾನಾಗಿಯೇ ಸಿದ್ಧವಾಗುತ್ತಿತ್ತು. ಮೀನು ಕಡಿಮೆ ಇದ್ದರೆ, ಆಹಾರ ಮಿತವಾಗಿದ್ದರೆ, ನೀರುಗಿಡಗಳು ಹುಲುಸಾಗಿದ್ದರೆ ಅಮೋನಿಯ ಅಪಾಯದ ಮಟ್ಟಕ್ಕೆ ಏರುವುದೇ ಇಲ್ಲ. ಹಾಗೆಯೇ ಮೀನು ಸತ್ತ ಮಾತ್ರಕ್ಕೆ ಸೀಸೆ ಕೆಟ್ಟದ್ದೆಂದೂ ಹೇಳಲಾಗದು. ಕ್ಲೋರಿನ್ ಇರುವ ನೀರಿಗೆ ಸುರಿದಿದ್ದರೆ ಒಳ್ಳೆಯ ಜೀವಿಗಳೂ ಸತ್ತಿರುತ್ತವೆ. ಹೊಸ ತಳಿಯನ್ನು ಪಕ್ಕದಲ್ಲಿ ಹಳೆಯ ತಳಿ ಬಿತ್ತದೆ ಅಳೆಯಲಾಗದು. ಸೀಸೆಗೂ ಇದೇ ನಿಯಮ.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ

ಹೆಚ್ಚು ತೊಟ್ಟಿಗಳನ್ನು ಇಡಲಿರುವವರು ಸೀಸೆಗಳನ್ನು ಪೆಟ್ಟಿಗೆಗಟ್ಟಲೆ ಕೊಳ್ಳುವ ಮೊದಲು ಈ ಕೆಳಗಿನಂತೆ ಪರೀಕ್ಷಿಸಿ ನೋಡಬಹುದು. ಇದಕ್ಕೆ ಮೀನು ಬೇಕಾಗಿಲ್ಲ.

1. ಒಂದೇ ಬಗೆಯ ನಾಲ್ಕು ಪ್ಲಾಸ್ಟಿಕ್ ಟಬ್ಬುಗಳನ್ನು ಚೆನ್ನಾಗಿ ತೊಳೆದು ನೆರಳಿನಲ್ಲಿಟ್ಟು, ಪ್ರತಿಯೊಂದಕ್ಕೂ 20 ಲೀಟರ್ ನೀರು ತುಂಬಬೇಕು. ಎಲ್ಲಕ್ಕೂ ಹೊಸ ಸ್ಪಂಜಿನ ಫಿಲ್ಟರ್ ಮತ್ತು ಗಾಳಿಯ ಕೊಳವೆ ಅಳವಡಿಸಿ ಎರಡು ದಿನ ಗಾಳಿ ಹಾಯಿಸಬೇಕು. ನಲ್ಲಿ ನೀರಿನ ಕ್ಲೋರಿನ್ ಇದರಿಂದ ಹೋಗುತ್ತದೆ.

2. 10 ಗ್ರಾಂ ಅಮೋನಿಯಂ ಸಲ್ಫೇಟನ್ನು 1 ಲೀಟರ್ ನೀರಿನಲ್ಲಿ ಕರಗಿಸಿ, ಆ ದ್ರಾವಣದಿಂದ ಪ್ರತಿ ಟಬ್ಬಿಗೆ 20 ಮಿ.ಲೀ. ಹಾಕಬೇಕು. ಇದರಿಂದ ಲೀಟರಿಗೆ ಸುಮಾರು 2 ಮಿ.ಗ್ರಾಂ. ಅಮೋನಿಯ-ಸಾರಜನಕ ದೊರೆಯುತ್ತದೆ. ಯೂರಿಯಾ ಅಥವಾ ಮಿಶ್ರ ಗೊಬ್ಬರ ಬಳಸಬಾರದು.

3. ಎರಡು ಟಬ್ಬುಗಳಿಗೆ ಮಾತ್ರ ಸೀಸೆಯನ್ನು ಚೆನ್ನಾಗಿ ಕುಲುಕಿ, ಚೀಟಿಯಲ್ಲಿ ಹೇಳಿದ ಪ್ರಮಾಣದಲ್ಲಿ ಹಾಕಬೇಕು. ಉಳಿದೆರಡಕ್ಕೆ ಏನೂ ಹಾಕಬಾರದು. ಒಂದರ ಲೋಟ, ಬಟ್ಟೆ ಅಥವಾ ಕೈ ಇನ್ನೊಂದಕ್ಕೆ ತಗಲದಂತೆ ಎಚ್ಚರ ವಹಿಸಬೇಕು.

4. ಎರಡು ದಿನಗಳಿಗೊಮ್ಮೆ ಅಮೋನಿಯ ಮತ್ತು ನೈಟ್ರೈಟನ್ನು ಪರೀಕ್ಷಾ ಕಿಟ್ಟಿನಿಂದ ಅಳೆದು ಪುಸ್ತಕದಲ್ಲಿ ಬರೆದಿಡಬೇಕು. ಅಮೋನಿಯ ಸೊನ್ನೆಗೆ ಬಂದಾಗ ಮತ್ತೆ 20 ಮಿ.ಲೀ. ದ್ರಾವಣ ಹಾಕಬೇಕು. ನೈಟ್ರೈಟ್ ಬಹಳ ಏರಿದ್ದರೆ ಅದು ಇಳಿಯುವವರೆಗೆ ಕಾಯಬೇಕು.

5. ಹಾಕಿದ 2 ಮಿ.ಗ್ರಾಂ. ಅಮೋನಿಯವು 24 ಗಂಟೆಗಳೊಳಗೆ ಸೊನ್ನೆಯಾಗಿ, ನೈಟ್ರೈಟ್ ಕೂಡ ಸೊನ್ನೆಯಾದರೆ ಆ ಟಬ್ಬು ಸಿದ್ಧವಾಯಿತೆಂದು ತಿಳಿಯಬೇಕು.

ಸೀಸೆ ಹಾಕಿದ ಎರಡೂ ಟಬ್ಬುಗಳು ಹಾಕದವುಗಳಿಗಿಂತ ಎರಡು ವಾರ ಮೊದಲೇ ಸಿದ್ಧವಾದರೆ ಸೀಸೆ ಫಲಕಾರಿ. ಎರಡು ಮೂರು ದಿನಗಳ ವ್ಯತ್ಯಾಸವಷ್ಟೇ ಇದ್ದರೆ ಅದು ಆಕಸ್ಮಿಕವೂ ಆಗಿರಬಹುದು. ಅದಕ್ಕಾಗಿ ಹಣ ಕೊಡಬೇಕಾಗಿಲ್ಲ. ಪರೀಕ್ಷೆ ಮುಗಿದ ಮೇಲೆ ಬೆಳೆದ ಜೀವಿಗಳೆಲ್ಲ ಸ್ಪಂಜಿನಲ್ಲಿ ಉಳಿಯುವುದರಿಂದ, ನೀರನ್ನು ಬದಲಿಸಿ ಅವೇ ಸ್ಪಂಜುಗಳನ್ನು ಮೀನಿನ ತೊಟ್ಟಿಗೆ ಬಳಸಿಕೊಳ್ಳಬಹುದು. ಪರೀಕ್ಷೆಯ ಖರ್ಚು ವ್ಯರ್ಥವಾಗುವುದಿಲ್ಲ.

ಸೀಸೆಗಿಂತ ಉತ್ತಮವಾದ ಹೆಪ್ಪು

ಹಾಲಿಗೆ ಹೆಪ್ಪು ಹಾಕಲು ನೆರೆಮನೆಯ ಮೊಸರು ಸಾಕಾಗುವಂತೆ, ಹೊಸ ತೊಟ್ಟಿಗೆ ಹಳೆಯ ತೊಟ್ಟಿಯ ಸ್ಪಂಜು ಅಥವಾ ಒಂದು ಬೊಗಸೆ ತಳದ ಜಲ್ಲಿಕಲ್ಲೇ ಉತ್ತಮ ಹೆಪ್ಪು. ನೈಟ್ರೀಕರಣ ಜೀವಿಗಳ ಬಹುಭಾಗ ನೀರಿನಲ್ಲಿ ತೇಲಾಡುವುದಿಲ್ಲ. ಕಲ್ಲು, ಸ್ಪಂಜು, ಗಾಜಿನ ಮೇಲೆ ಲೋಳೆಯ ಪದರವಾಗಿ ಅಂಟಿಕೊಂಡಿರುತ್ತವೆ. ಆದುದರಿಂದ ಹಳೆಯ ತೊಟ್ಟಿಯ ನೀರನ್ನು ತಂದು ಸುರಿದರೆ ಪ್ರಯೋಜನ ಅಲ್ಪ, ಸ್ಪಂಜನ್ನು ತರಬೇಕು. ಅದನ್ನು ಅದೇ ತೊಟ್ಟಿಯ ನೀರಿನಲ್ಲಿ ಒದ್ದೆಯಾಗಿಟ್ಟು ತಂದು, ಕೆಲವೇ ಗಂಟೆಗಳೊಳಗೆ ಹೊಸ ಫಿಲ್ಟರಿಗೆ ಸೇರಿಸಬೇಕು. ಈ ಜೀವಿಗಳು ಬದುಕಿವೆಯೇ, ಸರಿಯಾದವೇ ಎಂಬ ಸಂದೇಹಕ್ಕೆ ಇಲ್ಲಿ ಎಡೆಯಿಲ್ಲ.

ಇದರಲ್ಲಿರುವ ಒಂದೇ ಅಪಾಯವೆಂದರೆ ರೋಗ. ಕಳೆದ ಒಂದೆರಡು ತಿಂಗಳಲ್ಲಿ ಮೀನು ಸತ್ತ ಅಥವಾ ಔಷಧಿ ಹಾಕಿದ ತೊಟ್ಟಿಯಿಂದ ಏನನ್ನೂ ತರಬಾರದು. ಹತ್ತಿರದಲ್ಲಿ ನಂಬಿಕೆಗೆ ಅರ್ಹವಾದ ಹಳೆಯ ತೊಟ್ಟಿ ಇಲ್ಲದವರಿಗೆ ಸೀಸೆಯ ಉಪಯೋಗವಿದೆ. ಹೊಲದ ಮಣ್ಣಿನಲ್ಲಿಯೂ ನೈಟ್ರೀಕರಣ ಜೀವಿಗಳಿವೆಯಾದರೂ ಕೀಟನಾಶಕದ ಶೇಷವಿರುವ ಸಂಭವವಿರುವುದರಿಂದ ಅದನ್ನು ಬಳಸಬಾರದು.

ನೀರಿನ ಗುಣ

ಯಾವ ಹೆಪ್ಪೇ ಇರಲಿ, ನೀರು ಅನುಕೂಲವಾಗಿರದಿದ್ದರೆ ಹಿಡಿಯುವುದಿಲ್ಲ. 25 ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಧಾರಾಳ ಗಾಳಿ ಅವಶ್ಯ. 1 ಮಿ.ಗ್ರಾಂ. ಅಮೋನಿಯ-ಸಾರಜನಕ ನೈಟ್ರೇಟ್ ಆಗಲು ಸುಮಾರು 4.6 ಮಿ.ಗ್ರಾಂ. ಆಮ್ಲಜನಕ ಬೇಕು, ಅದರೊಂದಿಗೆ ಸುಮಾರು 7 ಮಿ.ಗ್ರಾಂ. ಸುಣ್ಣದಕಲ್ಲಿಗೆ ಸಮನಾದ ಕ್ಷಾರವೂ ಖರ್ಚಾಗುತ್ತದೆ.

ಕರಾವಳಿ ಮತ್ತು ಮಲೆನಾಡಿನ ಜಂಬಿಟ್ಟಿಗೆ ಪ್ರದೇಶದ ಬಾವಿಗಳ ನೀರು ಸಾಮಾನ್ಯವಾಗಿ ಮೆದು ಮತ್ತು ಹುಳಿ ಗುಣದ್ದು. ಮಳೆನೀರೂ ಹಾಗೆಯೇ. ಇಂಥ ನೀರಿನ ರಸಸಾರ 6ಕ್ಕಿಂತ ಕೆಳಗಿಳಿದರೆ ನೈಟ್ರೀಕರಣ ಬಹುಮಟ್ಟಿಗೆ ನಿಲ್ಲುತ್ತದೆ. ಸೀಸೆಯ ಮೇಲೆ ಸೀಸೆ ಸುರಿಯುವ ಬದಲು ಒಂದು ಹಿಡಿ ತೊಳೆದ ಚಿಪ್ಪಿನ ಚೂರು ಅಥವಾ ಸುಣ್ಣದಕಲ್ಲನ್ನು ಫಿಲ್ಟರಿನಲ್ಲಿಡುವುದು ಲೇಸು.

ಬಯಲುಸೀಮೆಯ ಅನೇಕ ಕೊಳವೆ ಬಾವಿಗಳ ನೀರು ಗಡಸು ಮತ್ತು ಕ್ಷಾರ ಗುಣದ್ದು. ಇಲ್ಲಿ ಜೀವಿಗಳು ಚೆನ್ನಾಗಿ ಬೆಳೆಯುತ್ತವೆ. ಆದರೆ ಅಮೋನಿಯದ ವಿಷ ಹೆಚ್ಚು. 28 ಡಿಗ್ರಿ ಉಷ್ಣತೆಯಲ್ಲಿ ಒಟ್ಟು ಅಮೋನಿಯದ ಪೈಕಿ ಹೆಚ್ಚು ವಿಷಕರ ರೂಪದಲ್ಲಿರುವುದು ರಸಸಾರ 7ರಲ್ಲಿ ಶೇಕಡಾ 1ಕ್ಕೂ ಕಡಿಮೆ, ರಸಸಾರ 8ರಲ್ಲಿ ಶೇಕಡಾ 6 ರಿಂದ 7, ರಸಸಾರ 9ರಲ್ಲಿ ಶೇಕಡಾ 40. ಆದುದರಿಂದ ಇಂಥ ನೀರಿನಲ್ಲಿ ತೊಟ್ಟಿ ಸಿದ್ಧವಾಗುವ ಮೊದಲು ಮೀನು ಬಿಡುವ ಆತುರ ಸಲ್ಲದು.

ಮೀನು ಈಗಾಗಲೇ ಬಿಟ್ಟಿದ್ದರೆ

ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದ್ದರೆ ಮೊದಲು ಆಹಾರ ನಿಲ್ಲಿಸಬೇಕು. ಕ್ಲೋರಿನ್ ಇಲ್ಲದ ನೀರಿನಿಂದ ಮೂರನೆಯ ಒಂದು ಭಾಗವನ್ನು ದಿನವೂ ಬದಲಿಸಬೇಕು. ಗಾಳಿ ಹೆಚ್ಚಿಸಬೇಕು. ನೈಟ್ರೈಟ್ ಏರಿದ್ದರೆ ಲೀಟರಿಗೆ 1 ಗ್ರಾಂ ಅಡಿಗೆ ಉಪ್ಪು ಹಾಕಬಹುದು. ಉಪ್ಪಿನ ಕ್ಲೋರೈಡ್ ನೈಟ್ರೈಟ್ ಕಿವಿರಿನ ಮೂಲಕ ಒಳಸೇರುವುದನ್ನು ತಡೆಯುತ್ತದೆ. ಆದರೆ ಕೆಲವು ನೀರುಗಿಡಗಳಿಗೆ ಮತ್ತು ಮೀಸೆಮೀನಿನ ಜಾತಿಗಳಿಗೆ ಉಪ್ಪು ಒಗ್ಗುವುದಿಲ್ಲ. ಮೀನು ಸಾಯುತ್ತಿರುವಾಗ ಸೀಸೆಯನ್ನು ಮಾತ್ರ ನಂಬಿ ನೀರು ಬದಲಿಸದೆ ಕೂರುವುದು ದೊಡ್ಡ ತಪ್ಪು.

ಸಿದ್ಧವಾದ ಫಿಲ್ಟರನ್ನು ಉಳಿಸಿಕೊಳ್ಳುವುದೂ ಅಷ್ಟೇ ಮುಖ್ಯ. ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯದೆ ತೊಟ್ಟಿಯಿಂದ ತೆಗೆದ ನೀರಿನಲ್ಲಿ ಹಿಂಡಬೇಕು. ಮೆಥಿಲೀನ್ ನೀಲಿ ಮತ್ತು ಜೀವಿರೋಧಕ ಔಷಧಿಗಳು ನೈಟ್ರೀಕರಣ ಜೀವಿಗಳಿಗೂ ಹಾನಿ ಮಾಡಬಲ್ಲವು. ರೋಗ ಬಂದ ಮೀನುಗಳಿಗೆ ಬೇರೆ ಪಾತ್ರೆಯಲ್ಲಿ ಚಿಕಿತ್ಸೆ ಮಾಡಬೇಕು. ವಿದ್ಯುತ್ ಬಹಳ ಹೊತ್ತು ಹೋದಾಗ ಸ್ಪಂಜನ್ನು ತೊಟ್ಟಿಯಲ್ಲಿಯೇ ತೆರೆದಿಟ್ಟು, ಆಗಾಗ ನೀರನ್ನು ಎತ್ತಿ ಸುರಿಯುತ್ತಿರಬೇಕು.

ಸಾರಾಂಶ

ಸೀಸೆಯ ಬ್ಯಾಕ್ಟೀರಿಯಾ ಸಂಪೂರ್ಣ ಸುಳ್ಳೂ ಅಲ್ಲ, ಚೀಟಿ ಹೇಳುವಷ್ಟು ನಿಜವೂ ಅಲ್ಲ. ಸರಿಯಾದ ಜೀವಿ, ಜೀವಂತವಾಗಿ, ಸಾಕಷ್ಟು ಸಂಖ್ಯೆಯಲ್ಲಿ, ಅನುಕೂಲವಾದ ನೀರಿಗೆ ಬಿದ್ದರೆ ಅದು ಕಾಯುವ ಕಾಲವನ್ನು ಕಡಿಮೆ ಮಾಡುತ್ತದೆ. ಇವುಗಳಲ್ಲಿ ಒಂದು ತಪ್ಪಿದರೂ ಫಲ ಕುಂದುತ್ತದೆ. ಹಳೆಯ ತೊಟ್ಟಿಯ ಸ್ಪಂಜು ಸಿಗುವಲ್ಲಿ ಸೀಸೆ ಬೇಕಾಗಿಲ್ಲ. ಮೀನನ್ನು ಯಾವಾಗ ಬಿಡಬೇಕೆಂಬುದನ್ನು ಸೀಸೆಯ ಚೀಟಿಯಾಗಲಿ, ನೀರಿನ ತಿಳಿಯಾಗಲಿ ನಿರ್ಧರಿಸಬಾರದು. ಅಮೋನಿಯ ಮತ್ತು ನೈಟ್ರೈಟಿನ ಅಳತೆಯೇ ನಿರ್ಧರಿಸಬೇಕು. ಒಂದು ಪರೀಕ್ಷಾ ಕಿಟ್ಟು, ಒಂದು ನೋಟು ಪುಸ್ತಕ ಮತ್ತು ಕೆಲವು ವಾರಗಳ ತಾಳ್ಮೆ ಇದ್ದವರು ಮೊದಲ ತಂಡದ ಮೀನನ್ನು ಕಳೆದುಕೊಳ್ಳದೆ ಈ ಉಪಕಸುಬನ್ನು ಮುಂದುವರಿಸಬಹುದು.